ಐದು ಸಾವಿರ ಜನರ ಇಮೇಲ್‌ಗೆ ಎಂಥ ಯಂತ್ರ ಬೇಕು?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಬೆಟ್ಟವಿದೆ. ಅದರ ಬುಡದ ಬಂಡೆಯೊಂದನ್ನು ಜನ ಅಕ್ಷರಗುಂಡು ಎಂದು ಕರೆಯುತ್ತಿದ್ದರು. 1892ರಲ್ಲಿ ಬಿ.ಎಲ್. ರೈಸ್ ಅದರ ಮೇಲಿರುವುದು ಅಶೋಕನ ಶಾಸನವೆಂದು ಗುರುತಿಸಿದರು. ಕೆಲವೇ ಕಿಲೋಮೀಟರು ದೂರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಶಾಸನದ ಪ್ರತಿಗಳು ಸಿಕ್ಕವು.

ಈ ಶಾಸನದ ಒಕ್ಕಣೆ ಪತ್ರದ ಒಕ್ಕಣೆ. ಪ್ರಾಂತ್ಯದ ಕೇಂದ್ರವಾದ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಲ್ಲಿನ ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರಿದೆ. ಯಾರಿಂದ, ಯಾರಿಗೆ, ಏನು, ಬರೆದವರಾರು ಎಂಬ ನಾಲ್ಕೂ ಅಂಶ ಇದರಲ್ಲಿವೆ. ಇಂದಿನ ಇಮೇಲ್‌ನಲ್ಲೂ ಇರುವುದು ಇವೇ. ರಾಜಧಾನಿಯಿಂದ ಪ್ರಾಂತ್ಯದ ಕೇಂದ್ರಕ್ಕೆ, ಅಲ್ಲಿಂದ ಇಸಿಲಕ್ಕೆ ಮಾತು ಹಂತ ಹಂತವಾಗಿ ದಾಟಿ ಬಂದಿದೆ. ಬಂದ ಮಾತನ್ನು ಉಳಿಸಿಕೊಳ್ಳುವ ಹೊಣೆ ಇಸಿಲದವರ ಪಾಲಿಗೆ ಬಂತು. ಅವರು ಅದನ್ನು ಕಲ್ಲಿಗೆ ಒಪ್ಪಿಸಿದರು, ಒಂದಲ್ಲ ಮೂರು ಕಡೆ.

ಸಂದೇಶ ಸಾಗಿಸುವುದು ಒಂದು ಕೆಲಸ, ತಲುಪಿದ್ದನ್ನು ಕಳೆಯದೆ ಕಾಯುವುದು ಇನ್ನೊಂದು. ಸಾವಿರಾರು ಜನರಿಗೆ ಇಮೇಲ್ ಸರ್ವರ್ ಕೊಳ್ಳಹೊರಟವರು ಗಮನ ಕೊಡಬೇಕಾದದ್ದು ಎರಡನೆಯದಕ್ಕೆ. ಯಾವ ಭಾಗಕ್ಕೆ ಹೆಚ್ಚು ಹಣ, ಯಾವುದಕ್ಕೆ ಕಡಿಮೆ ಎಂಬುದು ಅಲ್ಲಿಂದಲೇ ತೀರ್ಮಾನವಾಗುತ್ತದೆ.

ಕುದಾಪುರದಂಥ ಊರಿನಲ್ಲಿ

ಬ್ರಹ್ಮಗಿರಿಯ ಪಕ್ಕದ ತಾಲ್ಲೂಕು ಚಳ್ಳಕೆರೆ. ಎಣ್ಣೆ ಗಿರಣಿಗಳಿಗೂ ಕಂಬಳಿಗೂ ಹೆಸರಾದ ಈ ಸೀಮೆಯಲ್ಲಿ ಈಗ ವಿಜ್ಞಾನ ಸಂಸ್ಥೆಗಳ ಸಾಲು ಎದ್ದಿದೆ. ನಾಯಕನಹಟ್ಟಿ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆಯ ಕ್ಯಾಂಪಸ್ ಇದೆ. ಶಾಲಾ ಕಾಲೇಜುಗಳ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೂ ಇಸ್ರೊಗೂ ಇಲ್ಲಿ ಜಾಗ ಕೊಡಲಾಗಿದೆ. ದನಕುರಿಗಳು ಮೇಯುತ್ತಿದ್ದ ಅಮೃತಮಹಲ್ ಕಾವಲಿನ ನೆಲವಿದು.

ಭಾರತೀಯ ವಿಜ್ಞಾನ ಸಂಸ್ಥೆಗೆ ಇಮೇಲ್ ಹೊಸದಲ್ಲ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಜಾಲವನ್ನು ಆರಂಭಿಸಿತು. ಐದು ಐಐಟಿಗಳು, ಮುಂಬಯಿಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ದೆಹಲಿಯ ಇಲಾಖೆ ಮತ್ತು ಬೆಂಗಳೂರಿನ ಈ ಸಂಸ್ಥೆ ಅದರ ಮೊದಲ ಎಂಟು ಸದಸ್ಯರು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೂ ವರ್ಷಗಳ ಮುಂಚೆಯೇ ಇಲ್ಲಿನ ವಿಜ್ಞಾನಿಗಳು ಟೆಲಿಫೋನ್ ತಂತಿಯ ಮೇಲೆ ಪತ್ರ ಕಳಿಸುತ್ತಿದ್ದರು. ಆಗ ಇಡೀ ಸಂಸ್ಥೆಗೆ ಬರುತ್ತಿದ್ದ ಪತ್ರಗಳ ಮೊತ್ತ ಈಗಿನ ಒಂದು ಚಿತ್ರದ ಕಡತಕ್ಕಿಂತ ಕಡಿಮೆ ಇದ್ದ ದಿನಗಳೂ ಇರಬಹುದು. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಮೇಜಿನ ಮೇಲೂ ಅಂಚೆಪೆಟ್ಟಿಗೆ ಸದಾ ತೆರೆದಿರುತ್ತದೆ.

ಕುದಾಪುರದಂಥ ದೂರದ ಕ್ಯಾಂಪಸ್ಸಿನಲ್ಲಿ ಐದು ಸಾವಿರ ಜನರಿಗೆ ಹೊಸ ಇಮೇಲ್ ಸರ್ವರ್ ಬೇಕು ಎಂದಿಟ್ಟುಕೊಳ್ಳೋಣ. ವಿಶ್ವವಿದ್ಯಾಲಯ, ಸಹಕಾರಿ ಬ್ಯಾಂಕು, ದೊಡ್ಡ ಆಸ್ಪತ್ರೆ, ಯಾವುದಕ್ಕಾದರೂ ಇದೇ ಲೆಕ್ಕ ಹೊಂದುತ್ತದೆ.

250 ಎಂಬ ಉತ್ತರದ ತೂಕ

ಒಂದು ಸರ್ವರ್ ಇನ್ನೊಂದಕ್ಕೆ ಪತ್ರ ದಾಟಿಸುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು. 1982ರಲ್ಲಿ ಜಾನ್ ಪೋಸ್ಟೆಲ್ ಅದನ್ನು ಬರೆದರು. ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಇವತ್ತಿಗೂ ಅದೇ ನಡೆಯುತ್ತಿದೆ. ಕಳಿಸುವ ಸರ್ವರ್ ಮೊದಲು ತನ್ನ ಗುರುತು ಹೇಳುತ್ತದೆ, ಆಮೇಲೆ ಯಾರಿಂದ ಯಾರಿಗೆ ಎಂದು ತಿಳಿಸುತ್ತದೆ, ಕೊನೆಗೆ ಪತ್ರವನ್ನು ಒಪ್ಪಿಸುತ್ತದೆ. ಪಡೆದ ಸರ್ವರ್ ಎಲ್ಲ ಸರಿಯಿದ್ದರೆ 250 ಎಂಬ ಮೂರಂಕಿಯಿಂದ ಆರಂಭವಾಗುವ ಉತ್ತರ ಕೊಡುತ್ತದೆ.

ಆ ಉತ್ತರ ರಿಜಿಸ್ಟರ್ ಅಂಚೆ ಪಡೆದವರು ಹಾಕುವ ಸಹಿಯಂತೆ. ಅದು ಬಿದ್ದ ಕ್ಷಣದಿಂದ ಪತ್ರದ ಹೊಣೆ ಪಡೆದವರದು. ಕಳಿಸಿದ ಸರ್ವರ್ ತನ್ನ ಬಳಿಯ ಪ್ರತಿಯನ್ನು ಅಳಿಸಿಬಿಡುತ್ತದೆ. ಇದಾದ ಮೇಲೆ ಪಡೆದ ಯಂತ್ರ ಕೆಟ್ಟು ನಿಂತರೂ ಪತ್ರ ಕಳೆಯಕೂಡದು ಎಂದು ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ.

250 ಹೇಳುವ ಮುಂಚೆ ಏನಾದರೂ ಆದರೆ ನಷ್ಟವಿಲ್ಲ. ನಮ್ಮ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ಪತ್ರವನ್ನು ತನ್ನ ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ ನಾಲ್ಕೈದು ದಿನವಾದರೂ ಕೈಬಿಡಬಾರದು ಎಂಬುದು ನಿಯಮದ ಸಲಹೆ. ಸರ್ವರ್ ಒಂದು ಗಂಟೆ ನಿಂತರೆ ಜನರಿಗೆ ಕಿರಿಕಿರಿಯಾಗುತ್ತದೆ, ಪತ್ರ ಮಾತ್ರ ತಡವಾಗಿ ಬಂದು ಸೇರುತ್ತದೆ. 250 ಹೇಳಿ ಆಮೇಲೆ ಕಳೆದುಕೊಂಡರೆ ಆ ಪತ್ರ ಭೂಮಿಯ ಮೇಲೆ ಎಲ್ಲೂ ಇಲ್ಲ. ಸೀಟು ಸಿಕ್ಕ ಸುದ್ದಿ, ಆಸ್ಪತ್ರೆಯ ವರದಿ, ಸಾಲ ಮಂಜೂರಾದ ಪತ್ರ, ಯಾವುದೂ ಆಗಿರಬಹುದು. ಆದ್ದರಿಂದ ಇಮೇಲ್ ಸರ್ವರ್‌ಗೆ ವೇಗಕ್ಕಿಂತ ದೊಡ್ಡ ಗುಣ ನಂಬಿಕೆ. ಬರೆದೆ ಎಂದರೆ ಅದು ನಿಜಕ್ಕೂ ಬರೆದಿರಬೇಕು.

ಒಂದು ಕಾಗದದ ಲೆಕ್ಕ

ಯಂತ್ರ ನೋಡುವ ಮುಂಚೆ ಕೆಲಸ ಎಷ್ಟಿದೆ ಎಂದು ಅಳೆಯಬೇಕು. ಐದು ಸಾವಿರ ಜನ, ಒಬ್ಬರಿಗೆ ದಿನಕ್ಕೆ 60 ಪತ್ರ ಎಂದು ಹಿಡಿಯೋಣ. ದಿನಕ್ಕೆ 3 ಲಕ್ಷ ಪತ್ರವಾಯಿತು. ಅದರಲ್ಲಿ ಅರ್ಧ ಕಚೇರಿಯ ಬಿರುಸಿನ ನಾಲ್ಕು ಗಂಟೆಯಲ್ಲಿ ಬರುತ್ತದೆ ಎಂದರೆ ಸೆಕೆಂಡಿಗೆ ಸರಾಸರಿ 10. ಸುತ್ತೋಲೆಯೊಂದು ಎಲ್ಲರಿಗೂ ಹೋದಾಗ ಇದು ನಾಲ್ಕು ಪಟ್ಟಾದರೂ ಏರುತ್ತದೆ. ಸೆಕೆಂಡಿಗೆ 40 ಪತ್ರಕ್ಕೆ ಸಿದ್ಧವಿರಬೇಕು.

ಪತ್ರವೊಂದಕ್ಕೆ ಸರಾಸರಿ 75 ಕಿಲೋಬೈಟ್ ಎಂದಿಟ್ಟರೆ ದಿನಕ್ಕೆ 22.5 ಗಿಗಾಬೈಟ್, ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ ಸುಮಾರು 5.6 ಟೆರಾಬೈಟ್. ಲಗತ್ತು ಕಡತಗಳು ಇಮೇಲ್‌ನಲ್ಲಿ ತಮ್ಮ ನಿಜ ಗಾತ್ರಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಜಾಗ ಹಿಡಿಯುತ್ತವೆ ಎಂಬುದನ್ನು ಮರೆಯಬಾರದು. ಇಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲು. ಅದರಲ್ಲಿ ಫೋಟೊ, ಪಿಡಿಎಫ್ ಕಳಿಸಬೇಕಾದರೆ ಪ್ರತಿ ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬದಲಿಸಬೇಕು. ಒಂಬತ್ತು ಎಂಬಿಯ ಕಡತ ಹನ್ನೆರಡು ಎಂಬಿ ಆಗುವುದು ಹೀಗೆ.

ಈಗ ನೆಟ್‌ವರ್ಕ್ ನೋಡೋಣ. ಸೆಕೆಂಡಿಗೆ 40 ಪತ್ರ, ತಲಾ 75 ಕಿಲೋಬೈಟ್ ಎಂದರೆ 3 ಮೆಗಾಬೈಟ್, ಅಂದರೆ 24 ಮೆಗಾಬಿಟ್. ಇವತ್ತಿನ ಸಾಮಾನ್ಯ ಸರ್ವರ್‌ನಲ್ಲೂ ಸೆಕೆಂಡಿಗೆ 1,000 ಮೆಗಾಬಿಟ್ ಸಾಗಿಸುವ ಪೋರ್ಟ್ ಇರುತ್ತದೆ. ಜನ ಪತ್ರ ತೆರೆದು ಓದುವ ಹೊರೆಯನ್ನು ಸೇರಿಸಿದರೂ ಅಲ್ಲಿ ಬೇಕಾದಷ್ಟು ಜಾಗ ಉಳಿಯುತ್ತದೆ. ನೆಟ್‌ವರ್ಕ್ ಕಾರ್ಡಿಗೆ ಹೆಚ್ಚು ಹಣ ಸುರಿಯುವುದು ಬೇಡ.

ಇಕ್ಕಟ್ಟು ಇರುವುದು ಡಿಸ್ಕಿನಲ್ಲಿ

ಪತ್ರವೊಂದು ಬಂದರೆ ಡಿಸ್ಕಿನ ಮೇಲೆ ಏನೇನಾಗುತ್ತದೆ? ಮೊದಲು ಸರದಿಯ ಕಡತದಲ್ಲಿ ಬರೆಯಬೇಕು. ಸ್ಪ್ಯಾಮ್ ತಪಾಸಣೆ ಮುಗಿದ ಮೇಲೆ ಅಂಚೆಪೆಟ್ಟಿಗೆಯಲ್ಲಿ ಬರೆಯಬೇಕು. ಪೆಟ್ಟಿಗೆಯ ಸೂಚಿಯನ್ನು ತಿದ್ದಬೇಕು, ದಾಖಲೆ ಪುಸ್ತಕದಲ್ಲಿ ಒಂದು ಸಾಲು ಸೇರಿಸಬೇಕು, ಸರದಿಯಿಂದ ಹಳೆಯದನ್ನು ತೆಗೆಯಬೇಕು. ಸಣ್ಣ ಸಣ್ಣ ಹತ್ತು ಬರಹಗಳಾದರೂ ಆಗುತ್ತವೆ, ಒಂದೊಂದೂ ಡಿಸ್ಕಿನ ಒಂದೊಂದು ಮೂಲೆಯಲ್ಲಿ. ಸೆಕೆಂಡಿಗೆ 40 ಪತ್ರ ಎಂದರೆ 400 ಬರಹ.

ತಿರುಗುವ ಹಾರ್ಡ್ ಡಿಸ್ಕಿಗೆ ಇದು ಕಷ್ಟದ ಕೆಲಸ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಒಂದು ಸುತ್ತಿಗೆ 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, 4.2 ಮಿಲಿಸೆಕೆಂಡು. ಅದಕ್ಕೂ ಮುಂಚೆ ಓದುವ ತೋಳು ಆ ಜಾಡಿಗೆ ಸರಿಯಬೇಕು, ಸುಮಾರು 8.5 ಮಿಲಿಸೆಕೆಂಡು. ಎರಡೂ ಸೇರಿ 12.7. ಸೆಕೆಂಡಿಗೆ ಹೆಚ್ಚೆಂದರೆ 80 ಬಾರಿ ಬೇರೆ ಬೇರೆ ಜಾಗ ಮುಟ್ಟಬಹುದು. ಡಿಸ್ಕು 1 ಟೆರಾಬೈಟಿನದಾಗಲಿ 20 ಟೆರಾಬೈಟಿನದಾಗಲಿ ಈ ಸಂಖ್ಯೆ ಹೆಚ್ಚೇನೂ ಬದಲಾಗದು. ಗಾತ್ರ ವರ್ಷ ವರ್ಷವೂ ಬೆಳೆಯಿತು, ತಿರುಗುವ ವೇಗ ಹಾಗೆಯೇ ಉಳಿಯಿತು.

'20 ಟೆರಾಬೈಟಿನ ಡಿಸ್ಕು ಎರಡಿದ್ದರೆ ಸಾಕು, ಜಾಗ ಬೇಕಾದಷ್ಟು' ಎಂಬ ಲೆಕ್ಕ ಇಮೇಲ್‌ಗೆ ಹೊಂದದಿರುವುದು ಇದರಿಂದಲೇ. ಜಾಗ ಅರ್ಧಕ್ಕೂ ಹೆಚ್ಚು ಖಾಲಿ ಇರುತ್ತದೆ, ಸರ್ವರ್ ಬೆಳಿಗ್ಗೆ ಹತ್ತೂವರೆಗೆ ಏದುಸಿರು ಬಿಡುತ್ತದೆ.

ಚಿಪ್ಪುಗಳಲ್ಲೇ ದತ್ತಾಂಶ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಸರ್ವರ್ ದರ್ಜೆಯ ಸಾಮಾನ್ಯ ಎಸ್‌ಎಸ್‌ಡಿ ಸೆಕೆಂಡಿಗೆ ಹತ್ತಾರು ಸಾವಿರ ಬಿಡಿ ಬರಹಗಳನ್ನು ನಿಭಾಯಿಸುತ್ತದೆ. ನಮಗೆ ಬೇಕಾದದ್ದು 400. ಎಸ್‌ಎಸ್‌ಡಿ ಬರೆದೂ ಬರೆದೂ ಸವೆಯುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಅದನ್ನೂ ಲೆಕ್ಕ ಹಾಕಬಹುದು. ದಿನಕ್ಕೆ 22.5 ಗಿಗಾಬೈಟ್ ಪತ್ರಕ್ಕೆ ಒಳಗಿನ ಎಲ್ಲ ಮರುಬರಹ ಸೇರಿ ಹತ್ತು ಪಟ್ಟು ಹಿಡಿದರೂ 225 ಗಿಗಾಬೈಟ್. ದಿನಕ್ಕೊಮ್ಮೆ ಪೂರ್ತಿ ಬರೆದರೂ ಐದು ವರ್ಷ ತಾಳುತ್ತದೆ ಎಂಬ ಖಾತರಿಯ 7.68 ಟೆರಾಬೈಟಿನ ಡಿಸ್ಕಿಗೆ ಇದು ಮೂವತ್ತನೇ ಒಂದು ಭಾಗಕ್ಕೂ ಕಡಿಮೆ ಹೊರೆ.

ಬರೆದೆ ಎನ್ನುವ ಡಿಸ್ಕು ಬರೆದಿದೆಯೇ?

ಎಸ್‌ಎಸ್‌ಡಿ ಎಂದಷ್ಟೇ ಬರೆದು ಆರ್ಡರ್ ಕೊಡುವುದು ಸಾಲದು. ಲ್ಯಾಪ್‌ಟಾಪಿಗೆ ಹಾಕುವ ಅಗ್ಗದ ಡಿಸ್ಕುಗಳು ಬಂದದ್ದನ್ನು ಮೊದಲು ತಮ್ಮೊಳಗಿನ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ, ಆಮೇಲೆ ನಿಧಾನವಾಗಿ ಕಾಯಂ ಜಾಗಕ್ಕೆ ಇಳಿಸುತ್ತವೆ. ನಡುವೆ ಕರೆಂಟ್ ಹೋದರೆ ಆ ತಾತ್ಕಾಲಿಕ ಮೆಮೊರಿಯಲ್ಲಿದ್ದದ್ದು ಮಾಯ.

ಒಳ್ಳೆಯ ಇಮೇಲ್ ತಂತ್ರಾಂಶ 250 ಹೇಳುವ ಮುನ್ನ ಡಿಸ್ಕಿಗೆ 'ಇದನ್ನು ಈಗಲೇ ಕಾಯಂ ಜಾಗಕ್ಕೆ ಇಳಿಸು, ಇಳಿಸಿದ ಮೇಲೆ ಹೇಳು' ಎಂಬ ಆಜ್ಞೆ ಕೊಡುತ್ತದೆ. ಯುನಿಕ್ಸ್ ಲೋಕದಲ್ಲಿ ಇದಕ್ಕೆ ಎಫ್‌ಸಿಂಕ್ ಎನ್ನುತ್ತಾರೆ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ಈ ವಿಷಯದಲ್ಲಿ ಕಟ್ಟುನಿಟ್ಟು. ತಂತ್ರಾಂಶ ಇಷ್ಟು ಜಾಗ್ರತೆ ವಹಿಸಿದರೂ ಕೆಳಗಿನ ಡಿಸ್ಕು ಇಳಿಸದೆಯೇ ಇಳಿಸಿದೆ ಎಂದರೆ ಎಲ್ಲ ವ್ಯರ್ಥ.

ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿ ಇದಕ್ಕೆಂದೇ ಪುಟ್ಟ ಕೆಪಾಸಿಟರುಗಳ ಸಾಲು ಇರುತ್ತದೆ. ಕರೆಂಟ್ ಹೋದಾಗ ಅವುಗಳಲ್ಲಿ ಕೂಡಿಟ್ಟ ವಿದ್ಯುತ್ತು ಕೆಲವು ಮಿಲಿಸೆಕೆಂಡು ಬರುತ್ತದೆ. ತಾತ್ಕಾಲಿಕ ಮೆಮೊರಿಯಲ್ಲಿದ್ದದ್ದನ್ನು ಕಾಯಂ ಜಾಗಕ್ಕೆ ಇಳಿಸಲು ಅಷ್ಟು ಸಾಕು. ಇಂಥ ಡಿಸ್ಕಿಗೆ ಇನ್ನೊಂದು ಲಾಭವೂ ಇದೆ. ತಾತ್ಕಾಲಿಕ ಮೆಮೊರಿಗೆ ಬಂದದ್ದು ಹೇಗೂ ಉಳಿಯುತ್ತದೆಂಬ ಧೈರ್ಯ ಇರುವುದರಿಂದ ಅದು ಎಫ್‌ಸಿಂಕ್ ಆಜ್ಞೆಗೆ ತಡಮಾಡದೆ ಉತ್ತರ ಕೊಡಬಲ್ಲದು. ಸುರಕ್ಷತೆಯ ಜೊತೆಗೆ ವೇಗವೂ ಸಿಕ್ಕಿತು. ಖರೀದಿ ಪಟ್ಟಿಯಲ್ಲಿ 'ವಿದ್ಯುತ್ ನಿಲುಗಡೆ ರಕ್ಷಣೆ ಇರುವ ಎಸ್‌ಎಸ್‌ಡಿ' ಎಂಬ ಮಾತು ಸ್ಪಷ್ಟವಾಗಿ ಇರಲೇಬೇಕು.

ಜೋಡಿ ಡಿಸ್ಕಿನ ಗಣಿತ

ಡಿಸ್ಕು ಯಾವುದೇ ಇರಲಿ, ಒಂದು ದಿನ ಕೆಡುತ್ತದೆ. ದೊಡ್ಡ ದತ್ತಾಂಶ ಕೇಂದ್ರಗಳ ಅನುಭವದಲ್ಲಿ ಹಾರ್ಡ್ ಡಿಸ್ಕುಗಳಲ್ಲಿ ವರ್ಷಕ್ಕೆ ಶೇಕಡ 1ರಿಂದ 2ರಷ್ಟು ಕೈಕೊಡುತ್ತವೆ. ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಹಲವು ಡಿಸ್ಕುಗಳನ್ನು ಹೆಣೆಯುವ ವಿಧಾನವೇ ರೇಡ್. ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ 1988ರಲ್ಲಿ ಇದನ್ನು ವಿವರಿಸಿದರು.

ಇದರಲ್ಲಿ ಹಲವು ಬಗೆಯುಂಟು. ರೇಡ್ 1ರಲ್ಲಿ ಬರೆದದ್ದೆಲ್ಲ ಎರಡು ಡಿಸ್ಕಿನಲ್ಲೂ ಇರುತ್ತದೆ. ಇಂಥ ಜೋಡಿಗಳನ್ನು ಸಾಲಾಗಿಟ್ಟರೆ ರೇಡ್ 10. ಜಾಗ ಅರ್ಧವಾಗುತ್ತದೆ, ಬರಹಕ್ಕೆ ಬೀಳುವ ಹೊರೆ ಎರಡು ಪಟ್ಟು. ರೇಡ್ 5ರಲ್ಲಿ ಪೂರ್ತಿ ನಕಲಿನ ಬದಲು ಲೆಕ್ಕದ ಮೊತ್ತವೊಂದನ್ನು ಇಟ್ಟಿರುತ್ತಾರೆ. ಜಾಗ ಉಳಿಯುತ್ತದೆ, ಆದರೆ ಪ್ರತಿ ಸಣ್ಣ ಬರಹಕ್ಕೂ ಹಳೆಯ ದತ್ತಾಂಶ ಓದು, ಹಳೆಯ ಮೊತ್ತ ಓದು, ಹೊಸ ದತ್ತಾಂಶ ಬರೆ, ಹೊಸ ಮೊತ್ತ ಬರೆ ಎಂದು ನಾಲ್ಕು ಕೆಲಸ. ಎರಡು ಡಿಸ್ಕು ಕೆಟ್ಟರೂ ತಾಳುವ ರೇಡ್ 6ರಲ್ಲಿ ಆರು.

ನಮ್ಮ 400 ಬರಹಗಳನ್ನು ತಿರುಗುವ ಡಿಸ್ಕುಗಳ ಮೇಲೆ ಹಾಕಿ ನೋಡಿ. ರೇಡ್ 10ಕ್ಕೆ 800 ಕೆಲಸ, ಅಂದರೆ 10 ಡಿಸ್ಕು. ರೇಡ್ 5ಕ್ಕೆ 1,600 ಕೆಲಸ, 20 ಡಿಸ್ಕು. ಎಸ್‌ಎಸ್‌ಡಿಯಾದರೆ ಒಂದು ಜೋಡಿ ಸಾಕು.

ಹಾಗೆಂದು ತಿರುಗುವ ಡಿಸ್ಕುಗಳ ಕಾಲ ಮುಗಿಯಲಿಲ್ಲ. ಜನ ಹೆಚ್ಚಾಗಿ ತೆರೆಯುವುದು ಇತ್ತೀಚಿನ ಪತ್ರಗಳನ್ನು. ವರ್ಷ ಕಳೆದದ್ದನ್ನು ಮುಟ್ಟುವುದು ಅಪರೂಪ. ಡವ್‌ಕಾಟ್‌ನಂಥ ಇಮೇಲ್ ತಂತ್ರಾಂಶದಲ್ಲಿ ಹೊಸ ಪತ್ರ ಒಂದು ಕಡೆ, ಹಳೆಯದು ಇನ್ನೊಂದು ಕಡೆ ಇಡುವ ಸೌಕರ್ಯವಿದೆ. ಬಳಸುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಈ ವರ್ಷದ ಪತ್ರಗಳಿಗೆ 7.68 ಟೆರಾಬೈಟಿನ ಎರಡು ಎಸ್‌ಎಸ್‌ಡಿ ರೇಡ್ 1ರಲ್ಲಿ. ಹಳೆಯ ಪತ್ರಗಳಿಗೆ 12 ಟೆರಾಬೈಟಿನ ಆರು ಹಾರ್ಡ್ ಡಿಸ್ಕು ರೇಡ್ 6ರಲ್ಲಿ. ಬಳಸಲು 48 ಟೆರಾಬೈಟ್ ಸಿಗುತ್ತದೆ. ಐದು ವರ್ಷದ 28 ಟೆರಾಬೈಟಿಗೆ ಧಾರಾಳ. ಅಲ್ಲಿ ಬರಹ ಕಡಿಮೆ ಇರುವುದರಿಂದ ರೇಡ್ 6ರ ಆರು ಪಟ್ಟು ಹೊರೆ ಬಾಧಿಸದು.

ರೇಡ್ 6 ಯಾಕೆ, ರೇಡ್ 5 ಯಾಕಲ್ಲ ಎಂದರೆ ಕೆಟ್ಟ ಡಿಸ್ಕಿನ ಜಾಗದಲ್ಲಿ ಹೊಸದನ್ನು ಹಾಕಿ 12 ಟೆರಾಬೈಟನ್ನು ಮತ್ತೆ ತುಂಬಬೇಕು. ಸೆಕೆಂಡಿಗೆ 200 ಮೆಗಾಬೈಟಿನಂತೆ ಬಿಡುವಿಲ್ಲದೆ ಬರೆದರೂ ಸುಮಾರು 17 ಗಂಟೆ. ಸರ್ವರ್ ತನ್ನ ದಿನದ ಕೆಲಸವನ್ನೂ ಮಾಡುತ್ತಿದ್ದರೆ ಅದರ ಎಷ್ಟೋ ಪಟ್ಟು. ಆ ಹೊತ್ತಿನಲ್ಲಿ ಉಳಿದ ಡಿಸ್ಕುಗಳ ಮೇಲೆ ವಿಪರೀತ ಒತ್ತಡ. ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳಲ್ಲಿ ಇನ್ನೊಂದು ಕೆಟ್ಟರೆ ರೇಡ್ 5ರಲ್ಲಿ ಎಲ್ಲವೂ ಹೋಗುತ್ತದೆ.

ಆಮೇಲೆ ಮೆಮೊರಿ, ಕೊನೆಗೆ ಪ್ರೊಸೆಸರ್

ಡಿಸ್ಕಾದ ಮೇಲೆ ಹಣ ಹಾಕಬೇಕಾದದ್ದು ಮೆಮೊರಿಗೆ. ಐಮ್ಯಾಪ್ ಎಂಬ ವಿಧಾನದಲ್ಲಿ ಪತ್ರಗಳು ಸರ್ವರಿನಲ್ಲೇ ಉಳಿಯುತ್ತವೆ, ಮೊಬೈಲು ಮತ್ತು ಕಂಪ್ಯೂಟರು ಅಲ್ಲಿಗೆ ಸದಾ ಸಂಪರ್ಕ ಇಟ್ಟುಕೊಂಡಿರುತ್ತವೆ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ವಿಧಾನ ಇದು. ಐದು ಸಾವಿರ ಜನರಿಗೆ ತಲಾ ಎರಡು ಸಾಧನ ಎಂದರೆ ಹತ್ತು ಸಾವಿರ ತೆರೆದ ಸಂಪರ್ಕ. ಒಂದಕ್ಕೆ 2 ಮೆಗಾಬೈಟ್ ಎಂದರೂ 20 ಗಿಗಾಬೈಟ್ ಮೆಮೊರಿ ಇದಕ್ಕೇ ಬೇಕು. ವೈರಸ್ ಪತ್ತೆಯ ತಂತ್ರಾಂಶ ತನ್ನ ಗುರುತುಪಟ್ಟಿಗೆಂದು ಇನ್ನೊಂದೆರಡು ಗಿಗಾಬೈಟ್ ಹಿಡಿಯುತ್ತದೆ.

ಉಳಿದದ್ದೂ ಸುಮ್ಮನೆ ಇರುವುದಿಲ್ಲ. ಆಗಾಗ ಬೇಕಾಗುವ ಸೂಚಿಗಳನ್ನೂ ಇತ್ತೀಚಿನ ಪತ್ರಗಳನ್ನೂ ಆಪರೇಟಿಂಗ್ ಸಿಸ್ಟಮ್ ಅಲ್ಲೇ ಇಟ್ಟುಕೊಳ್ಳುತ್ತದೆ, ಓದಿಗಾಗಿ ಡಿಸ್ಕಿಗೆ ಹೋಗುವುದೇ ತಪ್ಪುತ್ತದೆ. ಐದು ಸಾವಿರ ಜನ, ತಲಾ ಹತ್ತು ಸಾವಿರ ಪತ್ರ, ಪತ್ರಕ್ಕೊಂದು ಕಡತ ಎಂದರೆ ಐದು ಕೋಟಿ ಕಡತಗಳು. ಅವುಗಳ ಹೆಸರು ವಿಳಾಸಗಳ ಪಟ್ಟಿಯೇ ಬಹಳ ದೊಡ್ಡದು. 128 ಗಿಗಾಬೈಟ್ ಇದ್ದರೆ ಸರ್ವರ್ ನೆಮ್ಮದಿಯಿಂದ ಉಸಿರಾಡುತ್ತದೆ.

ಆ ಮೆಮೊರಿ ಇಸಿಸಿ ಬಗೆಯದಾಗಿರಬೇಕು. ವಿಶ್ವಕಿರಣ ತಾಗಿಯೋ ಚಿಪ್ಪಿನ ದೋಷದಿಂದಲೋ ಮೆಮೊರಿಯಲ್ಲಿ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಹೊರಳುವುದುಂಟು. ಗೂಗಲ್‌ನ ಸರ್ವರುಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟವಾದ ವರದಿಯ ಪ್ರಕಾರ ವರ್ಷವೊಂದರಲ್ಲಿ ಶೇಕಡ 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ಇಂಥ ದೋಷ ಕಂಡಿತ್ತು. ಇಸಿಸಿ ಮೆಮೊರಿ ಒಂದು ಬಿಟ್ಟಿನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ತಿದ್ದದಿದ್ದರೆ ಕೆಟ್ಟ ಅಕ್ಷರ ಹಾಗೆಯೇ ಡಿಸ್ಕಿಗೆ ಇಳಿದು, ಜೋಡಿ ಡಿಸ್ಕಿಗೂ ನಕಲಾಗುತ್ತದೆ.

ನಮ್ಮಲ್ಲಿ ಕಂಪ್ಯೂಟರ್ ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಪ್ರೊಸೆಸರ್ ಯಾವುದು ಎಂದು. ಇಮೇಲ್ ಸರ್ವರಿನಲ್ಲಿ ಅದರ ಸರದಿ ಕೊನೆಗೆ. ಪತ್ರ ಪಡೆದು ಇಡುವುದಕ್ಕೆ ಲೆಕ್ಕಾಚಾರ ಬಹಳ ಬೇಕಿಲ್ಲ. ಪ್ರೊಸೆಸರ್ ಬೆವರುವುದು ಸ್ಪ್ಯಾಮ್ ಮತ್ತು ವೈರಸ್ ತಪಾಸಣೆಯಲ್ಲಿ. ಪತ್ರವೊಂದಕ್ಕೆ ಕಾಲು ಸೆಕೆಂಡು ಹಿಡಿದರೆ, ಸೆಕೆಂಡಿಗೆ 40 ಪತ್ರಕ್ಕೆ 10 ಕೋರ್ ಬೇಕಾಗುತ್ತದೆ. 16 ಕೋರಿನ ಸಾಧಾರಣ ಸರ್ವರ್ ಪ್ರೊಸೆಸರ್ ಸಾಕು. ಅದರ ಮೇಲಿನ ದುಬಾರಿ ಮಾದರಿಗೆ ಕೊಡುವ ಹಣವನ್ನು ಎರಡನೆಯ ಯಂತ್ರಕ್ಕೆ ಉಳಿಸಿಕೊಳ್ಳುವುದು ಜಾಣತನ.

ಬಾಗಿಲು ಬೇರೆ, ಉಗ್ರಾಣ ಬೇರೆ

ಬೆಂಗಳೂರಿನಲ್ಲಿ ಶಾಲೆ ಓದಿ ಬೆಳೆದ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಒಬ್ಬರಿಗೆ ಕೊಟ್ಟ ಜಾಗ 2 ಮೆಗಾಬೈಟ್ ಮಾತ್ರ. 1997ರ ಕೊನೆಗೆ ಮೈಕ್ರೊಸಾಫ್ಟ್ ಅದನ್ನು ಕೊಳ್ಳುವ ಹೊತ್ತಿಗೆ ಬಳಕೆದಾರರು 80 ಲಕ್ಷ ದಾಟಿದ್ದರು. ಅಷ್ಟು ಜನರನ್ನು ನಿಭಾಯಿಸಿದ ಬಗೆಯಲ್ಲಿ ನಮಗೆ ಪಾಠವಿದೆ. ಜನ ಬಂದು ಮುಟ್ಟುವ ಮುಂದಿನ ಸಾಲಿನಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ ಸಾಮಾನ್ಯ ಪಿಸಿಗಳು, ಪತ್ರಗಳನ್ನು ಕಾಯುವ ಹಿಂದಿನ ಸಾಲಿನಲ್ಲಿ ಸನ್ ಕಂಪನಿಯ ದೊಡ್ಡ ಯಂತ್ರಗಳು. ಮುಂದಿನದು ಕೆಟ್ಟರೆ ಇನ್ನೊಂದು ಅದರ ಕೆಲಸ ಹೊರುತ್ತದೆ, ಏನೂ ಕಳೆಯುವುದಿಲ್ಲ. ಜೋಪಾನ ಮಾಡಬೇಕಾದದ್ದು ಹಿಂದಿನದನ್ನು.

ಐದು ಸಾವಿರ ಜನರಿಗೂ ಇದೇ ಕ್ರಮ ಒಳ್ಳೆಯದು. ಹೊರಗಿನಿಂದ ಪತ್ರ ಪಡೆದು ಸ್ಪ್ಯಾಮ್ ಸೋಸುವ ಕೆಲಸಕ್ಕೆ ಎರಡು ಅಗ್ಗದ ಯಂತ್ರ. ಅಂಚೆಪೆಟ್ಟಿಗೆಗಳಿಗೆ ಒಳ್ಳೆಯ ಡಿಸ್ಕು ಮತ್ತು ಮೆಮೊರಿಯ ಒಂದು ಯಂತ್ರ, ಅದರ ಪ್ರತಿಯನ್ನು ಕ್ಷಣ ಕ್ಷಣವೂ ಪಡೆಯುವ ಅಂಥದೇ ಇನ್ನೊಂದು. ಎರಡನೆಯದು ಬೇರೆ ಕಟ್ಟಡದಲ್ಲಿದ್ದರೆ ಇನ್ನೂ ಮೇಲು. ಒಂದೇ ದೈತ್ಯ ಯಂತ್ರಕ್ಕೆ ಎಲ್ಲ ಹೊರಿಸಿದರೆ ಅದರ ಮದರ್‌ಬೋರ್ಡ್ ಕೆಟ್ಟ ದಿನ ಬಿಡಿಭಾಗ ಬೆಂಗಳೂರಿನಿಂದ ಬರುವ ತನಕ ಎಲ್ಲರೂ ಕಾಯಬೇಕು.

ಬಿಸಿಲು, ಧೂಳು, ಕರೆಂಟು

ಚಳ್ಳಕೆರೆ ಮೊಳಕಾಲ್ಮೂರು ಸೀಮೆ ರಾಜ್ಯದಲ್ಲೇ ಬಹಳ ಕಡಿಮೆ ಮಳೆ ಬೀಳುವ ಭಾಗ. ಬೇಸಿಗೆಯ ಬಿಸಿಲು, ಗಾಳಿಯ ಜೊತೆ ಬರುವ ಧೂಳು ಎರಡೂ ಯಂತ್ರಕ್ಕೆ ವೈರಿಗಳು. ಸರ್ವರಿಗೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ಎಸಿ ಒಂದೇ ಇದ್ದರೆ ಅದು ಕೆಟ್ಟ ಮಧ್ಯಾಹ್ನ ಸರ್ವರ್ ಕೂಡ ನಿಲ್ಲುತ್ತದೆ, ಆದ್ದರಿಂದ ಎರಡು ಇರಬೇಕು. ಯಂತ್ರದ ಬಿಸಿ ಹೊರಹಾಕುವ ರೆಕ್ಕೆಗಳಲ್ಲಿ ಧೂಳು ಕೂತರೆ ಗಾಳಿ ಆಡುವುದಿಲ್ಲ. ಕೋಣೆಯ ಕಿಟಕಿ ಮುಚ್ಚಿ, ಸೋಸುಪರದೆ ಹಾಕಿ, ಅದನ್ನು ಆಗಾಗ ತೊಳೆಯುವ ಏರ್ಪಾಡು ಬೇಕು.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದರೂ ಊರಿನ ಕರೆಂಟು ಹೋಗುವುದು ತಪ್ಪುವುದಿಲ್ಲ. ಸರ್ವರಿನಲ್ಲಿ ಎರಡು ಪವರ್ ಸಪ್ಲೈ ಇರಬೇಕು, ಒಂದೊಂದೂ ಬೇರೆ ಬೇರೆ ಯುಪಿಎಸ್‌ಗೆ ಜೋಡಿಸಿರಬೇಕು. ಯುಪಿಎಸ್ ಇಡೀ ದಿನ ನಡೆಸಬೇಕಿಲ್ಲ. ಜನರೇಟರ್ ಹೊತ್ತಿಕೊಳ್ಳುವ ತನಕ, ಅದೂ ಹೊತ್ತದಿದ್ದರೆ ಸರ್ವರ್ ತಾನೇ ಶಿಸ್ತಾಗಿ ಮುಚ್ಚಿಕೊಳ್ಳುವ ತನಕ ತಾಳಿದರೆ ಸಾಕು. ಬ್ಯಾಟರಿ ಇಳಿದ ಸುದ್ದಿಯನ್ನು ಯುಪಿಎಸ್ ಸರ್ವರಿಗೆ ತಿಳಿಸುವ ತಂತಿ ಜೋಡಿಸುವುದನ್ನು ಎಷ್ಟೋ ಕಡೆ ಮರೆಯುತ್ತಾರೆ.

ಪ್ರತಿ ಬೇರೆ, ಬ್ಯಾಕಪ್ ಬೇರೆ

ರೇಡ್ ಇದೆ, ಎರಡನೆಯ ಸರ್ವರ್ ಇದೆ, ಇನ್ನು ಬ್ಯಾಕಪ್ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ 2011ರ ಫೆಬ್ರವರಿಯಲ್ಲಿ ಸಿಕ್ಕಿತು. ತಂತ್ರಾಂಶದ ದೋಷವೊಂದರಿಂದ ಜಿಮೇಲ್ ಬಳಕೆದಾರರಲ್ಲಿ ಸುಮಾರು ಶೇಕಡ 0.02ರಷ್ಟು ಮಂದಿಯ ಅಂಚೆಪೆಟ್ಟಿಗೆ ಖಾಲಿಯಾಯಿತು. ಗೂಗಲ್ ಪ್ರತಿ ಪತ್ರವನ್ನೂ ಹಲವು ಕಡೆ ಇಟ್ಟಿತ್ತು, ಆದರೆ ದೋಷ ಹಲವು ಪ್ರತಿಗಳನ್ನೂ ಮುಟ್ಟಿತು. ಉಳಿಸಿದ್ದು ಜಾಲದಿಂದ ದೂರವಿಟ್ಟಿದ್ದ ಟೇಪುಗಳು. ಅವುಗಳಿಂದಲೇ ಪತ್ರಗಳನ್ನು ವಾಪಸು ತಂದರು.

ಜೋಡಿ ಡಿಸ್ಕು, ಜೋಡಿ ಸರ್ವರ್ ಇರುವುದು ಯಂತ್ರ ಕೆಟ್ಟಾಗ ಕೆಲಸ ನಿಲ್ಲದಿರಲಿ ಎಂದು. ಒಂದರಲ್ಲಿ ಅಳಿಸಿದ್ದು ಮರುಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ತಪ್ಪಿ ಅಳಿಸಿದಾಗ, ತಂತ್ರಾಂಶ ಹಾಳಾದಾಗ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕಳ್ಳರು ನುಗ್ಗಿದಾಗ ಉಪಯೋಗಕ್ಕೆ ಬರುವುದು ಬ್ಯಾಕಪ್ ಮಾತ್ರ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಸೂತ್ರ. ಕುದಾಪುರದಲ್ಲಿ ಸರ್ವರ್ ಇದ್ದರೆ ಒಂದು ಪ್ರತಿ ಬೆಂಗಳೂರಿನಲ್ಲೋ ಚಿತ್ರದುರ್ಗದಲ್ಲೋ ಇರಬೇಕು.

ಕೊಳ್ಳುವವರಿಗೆ ಕೊನೆಯ ಮಾತು

ಒಳ್ಳೆಯ ಯಂತ್ರ ಕೊಂಡಮಾತ್ರಕ್ಕೆ ಎಲ್ಲ ಬಗೆಹರಿಯುವುದಿಲ್ಲ. ನಾವು ಕಳಿಸಿದ ಪತ್ರವನ್ನು ಬೇರೆಯವರ ಸರ್ವರುಗಳು ನಂಬಬೇಕಾದರೆ ವಿಳಾಸದ ದಾಖಲೆ, ಡಿಜಿಟಲ್ ಸಹಿ ಮುಂತಾದ ಏರ್ಪಾಡುಗಳು ಸರಿಯಿರಬೇಕು. ದಿನವೂ ನೋಡಿಕೊಳ್ಳುವ ನುರಿತ ಜನ ಬೇಕು. ಅಂಥ ಇಬ್ಬರನ್ನಾದರೂ ಕಾಯಮ್ಮಾಗಿ ಇಟ್ಟುಕೊಳ್ಳಲಾಗದ ಸಂಸ್ಥೆ ಸ್ವಂತ ಸರ್ವರ್ ಆಸೆ ಬಿಟ್ಟು ಸೇವೆಯನ್ನು ಬಾಡಿಗೆಗೆ ಪಡೆಯುವುದೇ ಸರಿ. ರಕ್ಷಣೆ, ಸಂಶೋಧನೆ, ಆರೋಗ್ಯದಂಥ ಕ್ಷೇತ್ರಗಳಲ್ಲಿ ಪತ್ರಗಳು ತಮ್ಮ ಆವರಣ ಬಿಟ್ಟು ಹೋಗಬಾರದು ಎನ್ನುವವರಿಗೆ ಸ್ವಂತ ಸರ್ವರ್ ಅಗತ್ಯವೇ ಹೌದು.

ಅಂಥವರು ಟೆಂಡರ್ ಬರೆಯುವಾಗ ಕ್ರಮ ಇದಿರಲಿ: ಮೊದಲು ವಿದ್ಯುತ್ ನಿಲುಗಡೆ ರಕ್ಷಣೆಯ ಎಸ್‌ಎಸ್‌ಡಿ ಜೋಡಿ, ಎರಡನೆಯದು ಇಸಿಸಿ ಮೆಮೊರಿ, ಮೂರನೆಯದು ಬ್ಯಾಕಪ್ ವ್ಯವಸ್ಥೆ, ನಾಲ್ಕನೆಯದು ಬದಲಿ ಸರ್ವರ್ ಮತ್ತು ಯುಪಿಎಸ್, ಐದನೆಯದು ಪ್ರೊಸೆಸರ್. ಬಿಲ್ ಪಾವತಿಸುವ ಮುನ್ನ ಎರಡು ಪರೀಕ್ಷೆ ಮಾಡಿಸಿ. ಸಾವಿರಾರು ಪತ್ರ ಹರಿದುಬರುತ್ತಿರುವಾಗ ಸರ್ವರಿನ ಎರಡೂ ವಿದ್ಯುತ್ ತಂತಿ ಕೀಳಿಸಿ, ಮತ್ತೆ ಚಾಲೂ ಮಾಡಿ, 250 ಎಂದು ಉತ್ತರ ಕೊಟ್ಟ ಪ್ರತಿಯೊಂದು ಪತ್ರವೂ ಇದೆಯೇ ಎಂದು ಎಣಿಸಿ. ಆಮೇಲೆ ಒಬ್ಬರ ಇಡೀ ಅಂಚೆಪೆಟ್ಟಿಗೆಯನ್ನು ಅಳಿಸಿ, ಬ್ಯಾಕಪ್‌ನಿಂದ ವಾಪಸು ತರಿಸಿ, ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳಿ. ಈ ಎರಡರಲ್ಲೂ ಪಾಸಾಗದ ಯಂತ್ರವನ್ನು, ಅದರ ಪ್ರೊಸೆಸರ್ ಎಷ್ಟೇ ವೇಗದ್ದಿರಲಿ, ತೆಗೆದುಕೊಳ್ಳಬೇಡಿ.